ಅಪ್ಪನ ಕಸುಬೋ, ಮಗುವಿನ ಒಲವೋ: 1953ರ ಮದರಾಸು

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಚೆನ್ನೈಯ ಕನ್ನಡ ಮನೆಗಳಲ್ಲಿಯೂ ಅದೇ ಪ್ರಶ್ನೆ ಏಳುತ್ತದೆ: ಮುಂದೇನು? ಮಗುವಿನ ಮುಂದಿನ ಹಾದಿಯನ್ನು ಕುರಿತು 1953ರಲ್ಲಿ ಈ ಊರಿನ ಇಬ್ಬರು ಹಿರಿಯರು ಎರಡು ಬಗೆಯ ಉತ್ತರ ನೀಡಿದ್ದರು.

ಮೊದಲನೆಯವರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ. ಅವರ ಪ್ರಾಥಮಿಕ ಶಿಕ್ಷಣ ಯೋಜನೆಯಂತೆ ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ. ಉಳಿದ ಹೊತ್ತಿನಲ್ಲಿ ಮನೆಯ ಕಸುಬು ಕಲಿಯಬೇಕು. ಇರುವ ಶಾಲೆಗಳಲ್ಲಿಯೇ ಪಾಳಿಯ ಮೇಲೆ ಹೆಚ್ಚು ಮಕ್ಕಳಿಗೆ ಕಲಿಸಬಹುದೆಂಬುದು ಅವರ ಲೆಕ್ಕ. ಆದರೆ ಜಾತಿಗೊಂದು ಕಸುಬು ಅಂಟಿಕೊಂಡಿದ್ದ ಸಮಾಜದಲ್ಲಿ ಅದರ ಅರ್ಥ ಬೇರೆಯೇ ಆಯಿತು. ಪೆರಿಯಾರ್ ಮೊದಲಾದವರು ಅದನ್ನು ‘ಕುಲಕಲ್ವಿ’ ಎಂದು ಕರೆದು ಪ್ರತಿಭಟಿಸಿದರು. 1954ರಲ್ಲಿ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ದಕ್ಷಿಣ ಕನ್ನಡ ಜಿಲ್ಲೆಯೂ ಅದರ ಕಾಸರಗೋಡು ತಾಲ್ಲೂಕೂ ಆಗ ಮದ್ರಾಸ್ ರಾಜ್ಯದಲ್ಲಿಯೇ ಇದ್ದುದರಿಂದ ಇದು ಕೇವಲ ತಮಿಳರ ಚರಿತ್ರೆಯಲ್ಲ.

ಎರಡನೆಯವರು ಮದ್ರಾಸ್ ವಿಶ್ವವಿದ್ಯಾನಿಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್. ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1953ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಶಾಲೆಗಳಲ್ಲಿ ತರಬೇತಿ ಪಡೆದ ಮಾರ್ಗದರ್ಶಕರು ಇರಬೇಕು. ಉದ್ಯೋಗಗಳ ಸ್ವರೂಪವನ್ನು ಚಲನಚಿತ್ರಗಳ ಮೂಲಕ ತೋರಿಸಬೇಕು. ಕೆಲಸ ನಡೆಯುವ ಸ್ಥಳಕ್ಕೇ ಮಕ್ಕಳನ್ನು ಕರೆದೊಯ್ಯಬೇಕು ಎಂದಿತು. ಕೃಷಿ, ತಾಂತ್ರಿಕ, ವಾಣಿಜ್ಯ, ಲಲಿತಕಲೆ ಸೇರಿದಂತೆ ಏಳು ವಿಭಾಗಗಳ ವಿವಿಧೋದ್ದೇಶ ಶಾಲೆಗಳನ್ನೂ ಸೂಚಿಸಿತು. 1966ರಲ್ಲಿ ಕೊಠಾರಿ ಆಯೋಗ ಹತ್ತು ಶಾಲೆಗೊಬ್ಬ ಸಲಹೆಗಾರನಾದರೂ ಇರಲೆಂದಿತು.

ಮೊದಲ ಉತ್ತರವನ್ನು ಜನ ತಿರಸ್ಕರಿಸಿದರು. ಎರಡನೆಯದನ್ನು ಒಪ್ಪಿ ಮರೆತರು. ವಿವಿಧೋದ್ದೇಶ ಶಾಲೆಗಳು ತಕ್ಕ ಶಿಕ್ಷಕರಿಲ್ಲದೆ ಸೊರಗಿದವು. ನಾನು ಹತ್ತನೆಯ ತರಗತಿ ಮುಗಿಸಿದಾಗ ನಿನಗೇನು ಇಷ್ಟವೆಂದು ಕೇಳಿದವರಿಲ್ಲ. ಅಂಕಪಟ್ಟಿ ನೋಡಿ ಸೋದರಮಾವ ವಿಜ್ಞಾನವೆಂದರು. ಎರಡು ವರ್ಷ ಹೆಣಗಿ, ಇಂಗ್ಲಿಷ್ ಸಾಹಿತ್ಯದತ್ತ ಹೊರಳಿ, ಕೊನೆಗೆ ಸರ್ಕಾರಿ ಕಡತಗಳ ನಡುವೆ ನೆಲೆಯಾದೆ. ಅಪ್ಪನ ಕಸುಬಿನ ಜಾಗದಲ್ಲಿ ಅಂಕಪಟ್ಟಿ ಬಂದು ಕುಳಿತಿತ್ತು, ಅಷ್ಟೆ.

ತಮಿಳುನಾಡು 2022ರ ಮಾರ್ಚ್ 1ರಂದು ‘ನಾನ್ ಮುದಲ್ವನ್’ ಯೋಜನೆ ಆರಂಭಿಸಿ, ವಿದ್ಯಾರ್ಥಿಗಳ ಕೌಶಲ್ಯಕ್ಕೂ ಉದ್ಯೋಗ ಮಾರ್ಗದರ್ಶನಕ್ಕೂ ಗಮನ ಕೊಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಲಿ ಎನ್ನುತ್ತದೆ. ಕಸುಬು ಮತ್ತೆ ಶಾಲೆಗೆ ಬಂದಿದೆ. ಈ ಬಾರಿ ಅದು ಅಪ್ಪನದೇ ಆಗಬೇಕಿಲ್ಲ.

ಕಳೆದ ರಜೆಯಲ್ಲಿ ಮಗಳನ್ನು ಪರಿಚಯದ ಪಶುವೈದ್ಯರೊಬ್ಬರ ಬಳಿ ನಾಲ್ಕು ದಿನ ಬಿಟ್ಟಿದ್ದೆ. ಆ ವೃತ್ತಿ ತನಗೆ ಒಗ್ಗದೆಂದು ಅವಳಿಗೆ ತಿಳಿಯಿತು. ನನಗೆ ಅಷ್ಟು ತಿಳಿಯಲು ಎರಡು ವರ್ಷ ಹಿಡಿದಿತ್ತು.