ಮಿಣುಕುವ ದೀಪ, ಮರಳುವ ವಿದ್ಯುತ್ತು

ಪುರಭವನದ ಬಳಿ ಮೊದಲಾಗಿ ರವೀಂದ್ರ ಕಲಾಕ್ಷೇತ್ರವನ್ನು ಹಾದು ಮಿನರ್ವ ವೃತ್ತವನ್ನು ಸೇರುವ ಜಯಚಾಮರಾಜೇಂದ್ರ ರಸ್ತೆಯೆಂದರೆ ಬೆಂಗಳೂರಿಗರ ಮನಸ್ಸಿನಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳ ಪೇಟೆಯೆಂದೇ ನೆಲೆಯೂರಿದೆ; ಆದರೆ ಆ ಪೇಟೆಯ ಓಣಿಗಳಲ್ಲಿಯೂ ಪಕ್ಕದ ಕಲಾಸಿಪಾಳ್ಯದಲ್ಲಿಯೂ ಒಂದು ಮರದ ಹಲಗೆ, ಒಂದು ಟೆಸ್ಟ್ ಲ್ಯಾಂಪು, ನಾಲ್ಕು ಬಣ್ಣದ ವೈರಿನ ಸುರುಳಿಗಳು ಇಷ್ಟನ್ನೇ ಬಂಡವಾಳವಾಗಿಸಿಕೊಂಡು ಬಾಳಿದ ಆಟೋ ಎಲೆಕ್ಟ್ರಿಷಿಯನ್ನನ ಕಸುಬಿಗೂ ಒಂದು ಚರಿತ್ರೆಯಿದೆಯೆಂಬುದನ್ನು ನೆನೆಯುವವರು ವಿರಳ. ಎಂಜಿನ್ ಬಿಚ್ಚುವ ಮೆಕ್ಯಾನಿಕ್ಕಿಗೆ ಎಣ್ಣೆ ಮೆತ್ತಿದ ಕೈಯ ಗೌರವವುಂಟು, ತಗಡು ತಟ್ಟುವ ಟಿಂಕರನಿಗೆ ಸದ್ದಿನ ಪ್ರಸಿದ್ಧಿಯುಂಟು. ವೈರಿನವನಿಗೆ ಎರಡೂ ಇಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಗೃಹಸ್ಥರು ಅವನನ್ನು ನೆನೆಯುತ್ತಿದ್ದುದು ರಾತ್ರಿಯ ಪ್ರಯಾಣದಲ್ಲಿ ಹೆಡ್‌ಲೈಟು ಮಿಣುಕತೊಡಗಿದಾಗ ಮಾತ್ರ.

ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ಕಾಲದ ಮೋಟಾರುಗಳ ಮುಂದೀಪಗಳಲ್ಲಾದರೋ, ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅಸಿಟಿಲೀನ್ ಅನಿಲವೇ ಉರಿಯುತ್ತಿತ್ತು. ಬೀದಿಗೆ ವಿದ್ಯುತ್ತು, ಬಂಡಿಗೆ ಜ್ವಾಲೆ! ಅಂದಿನ ಮಿಣುಕಿಗೆ ಗಾಳಿಯೋ, ಮಸಿ ಕಟ್ಟಿದ ಬರ್ನರಿನ ರಂಧ್ರವೋ ಕಾರಣ. ಅದಕ್ಕೆ ಸೂಜಿಯೇ ಮದ್ದು. ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯು 1912ರ ಮಾದರಿಯಲ್ಲಿ ಹ್ಯಾಂಡಲು ತಿರುಗಿಸದೆ ಎಂಜಿನನ್ನು ಎಬ್ಬಿಸುವ ಸ್ಟಾರ್ಟರನ್ನೂ ವಿದ್ಯುದ್ದೀಪಗಳನ್ನೂ ಒಟ್ಟಿಗೆ ತಂದ ಮೇಲೆ ಕ್ರಮೇಣ ಜಗತ್ತಿನ ಕಾರುಗಳೆಲ್ಲ ಬ್ಯಾಟರಿಯನ್ನೂ ಡೈನಮೋವನ್ನೂ ಹೊತ್ತವು. ಈ ಕಸುಬು ಹುಟ್ಟಿದ್ದು ಅಲ್ಲಿಂದ.

ಡೈನಮೋ ಸ್ವಭಾವತಃ ಚಂಚಲ. ಎಂಜಿನಿನ ವೇಗ ತಗ್ಗಿದರೆ ಅದರ ವೋಲ್ಟೇಜು ಬ್ಯಾಟರಿಗಿಂತ ಕೆಳಗಿಳಿಯುವುದು. ಆಗ ಬ್ಯಾಟರಿಯ ವಿದ್ಯುತ್ತು ಹಿಂದಿರುಗಿ ಡೈನಮೋವನ್ನೇ ಸುಡದಂತೆ ಕಟೌಟೆಂಬ ಪುಟ್ಟ ಕಾವಲುಗಾರ ಸಂಬಂಧವನ್ನು ಕಡಿಯುತ್ತಿದ್ದ. ಅದೇ ಪೆಟ್ಟಿಗೆಯಲ್ಲಿದ್ದ ರೆಗ್ಯುಲೇಟರಿನ ಪಾಯಿಂಟುಗಳು ಕ್ಷಣಕ್ಕೆ ಹಲವು ಬಾರಿ ತೆರೆದು ಮುಚ್ಚಿ ವೋಲ್ಟೇಜನ್ನು ಹದದಲ್ಲಿಡುತ್ತಿದ್ದುವು. ಅವು ಸುಟ್ಟು ಗುಳಿಬಿದ್ದರೆ ಹೆಡ್‌ಲೈಟಿನ ಕಾಂತಿಯೂ ಆ ಕಂಪನವನ್ನೇ ಅನುಕರಿಸುತ್ತಿತ್ತು. ವೋಲ್ಟೇಜು ನೂರಕ್ಕೆ ಹತ್ತರಷ್ಟು ಕುಗ್ಗಿದರೆ ತಂತುದೀಪದ ಬೆಳಕು ಸುಮಾರು ಮೂವತ್ತರಷ್ಟು ಕುಗ್ಗುವುದರಿಂದ ಅಲ್ಪದೋಷವೂ ಕಣ್ಣಿಗೆ ಅತಿಯಾಗಿ ಕಾಣುವುದು. ಪಾಯಿಂಟನ್ನು ನುಣ್ಣನೆಯ ಅರದಿಂದ ಉಜ್ಜಿ, ಎಳೆಯಷ್ಟು ಅಂತರವನ್ನು ಸರಿಪಡಿಸಿ, ಡೈನಮೋದ ಸವೆದ ಕಾರ್ಬನ್ ಬ್ರಷ್ಷನ್ನು ಬದಲಿಸಿ, ಸುಟ್ಟ ಆರ್ಮೇಚರನ್ನು ಬಿಚ್ಚಿ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತುವ ನೈಪುಣ್ಯ ಒಬ್ಬನಿಂದೊಬ್ಬನಿಗೆ ಕೈಯಿಂದ ಕೈಗೆ ಇಳಿದುದೇ ಹೊರತು ಪುಸ್ತಕದಿಂದ ಬಂದುದಲ್ಲ.

ಆದರೂ ನನ್ನ ಎಣಿಕೆಯಲ್ಲಿ ಈ ಕಸುಬಿನ ನಿಜವಾದ ವಿದ್ಯೆ ಡೈನಮೋದಲ್ಲಿಲ್ಲ, ಅರ್ತಿನಲ್ಲಿದೆ. ತಾಮ್ರವನ್ನು ಉಳಿಸುವ ಸಲುವಾಗಿ ಕಾರು ನಿರ್ಮಾಪಕರು ಪ್ರತಿ ದೀಪಕ್ಕೂ ಒಂದೇ ವೈರನ್ನೆಳೆದು, ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯನ್ನಾಗಿ ಬಾಡಿಯ ಉಕ್ಕನ್ನೇ ಬಳಸಿದರು; ಆ ಮರಳುದಾರಿಯೇ ಅರ್ತು. ಅಂಬಾಸಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನಂಥ ಆಂಗ್ಲ ಕಾರುಗಳಲ್ಲಿ ಧನಧ್ರುವವೇ ಅರ್ತಾಗಿದ್ದು, ಮುಂದೆ ಋಣಧ್ರುವವೇ ಸಾರ್ವತ್ರಿಕವಾದ ಸಂಧಿಕಾಲದಲ್ಲಿ ಬ್ಯಾಟರಿಯನ್ನು ಕೂಡಿಸುವ ಮುನ್ನ ಕಾರಿನ ಕುಲಗೋತ್ರವನ್ನು ವಿಚಾರಿಸಲೇಬೇಕಾಗಿತ್ತು. ಮಾಲೀಕ ಬಲ್ಬನ್ನು ದೂರುವನು. ಮೇಸ್ತ್ರಿ ಮರಳುವ ದಾರಿಯನ್ನು ಅರಸುವನು. ಹಳ್ಳಕ್ಕೆ ಬಿದ್ದಾಗ ಮಾತ್ರ ಮಿಣುಕಿದರೆ ಎಲ್ಲೋ ಲೂಸ್ ಕನೆಕ್ಷನ್. ಎಂಜಿನಿನ ವೇಗದೊಡನೆ ಏರಿಳಿದರೆ ಚಾರ್ಜಿಂಗು. ಒಂದೇ ದೀಪ ಕುಗ್ಗಿದರೆ ಅದರ ಹೋಲ್ಡರು ಅಥವಾ ಅದರ ಅರ್ತು. ಬ್ರೇಕು ತುಳಿದೊಡನೆ ಇಂಡಿಕೇಟರೂ ಅಸ್ಪಷ್ಟವಾಗಿ ಕುಣಿದರೆ ಹಿಂದಿನ ದೀಪಗಳ ಸಾಮಾನ್ಯ ಅರ್ತು. ಎಲ್ಲವೂ ಒಟ್ಟಿಗೆ ಮಂಕಾದರೆ ಬ್ಯಾಟರಿಯ ಟರ್ಮಿನಲು, ಇಲ್ಲವೆ ಎಂಜಿನಿಗೂ ಬಾಡಿಗೂ ಸೇತುವಾದ ಹೆಣೆದ ಪಟ್ಟಿ. ಈ ತಾರತಮ್ಯ ವಿವೇಚನೆಗೆ ಬೇಕಾದುದು ಒಂದು ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪಷ್ಟೆ. ಬ್ಯಾಟರಿಯ ಅರ್ತು ಧ್ರುವದಿಂದ ನೇರವಾಗಿ ಬೇರೊಂದು ವೈರನ್ನು ತಂದು ದೀಪದ ಬಾಡಿಗೆ ಮುಟ್ಟಿಸಿದೊಡನೆ ಬೆಳಕು ಹಿಗ್ಗಿತೆಂದರೆ ಅರ್ತೇ ಅಪರಾಧಿ. ಬಳಿಕ ಮರಳುಕಾಗದದಿಂದ ತುಕ್ಕನ್ನೂ ಬಣ್ಣವನ್ನೂ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ನಟ್ಟು ಬಿಗಿದು, ಟರ್ಮಿನಲಿಗೆ ಕಟ್ಟಿದ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆದು ವ್ಯಾಸಲೀನು ಸವರಿದರೆ ಚಿಕಿತ್ಸೆ ಮುಗಿಯಿತು. ಇಷ್ಟಕ್ಕೆ ಹಣವೇ ಎಂದು ಗೊಣಗಿದವರಿದ್ದರು. ದೋಷವೆಲ್ಲಿದೆಯೆಂದು ತಿಳಿದುದಕ್ಕೆ ಬೆಲೆಯೆಂಬುದನ್ನು ಅವರು ಒಪ್ಪುತ್ತಿರಲಿಲ್ಲ.

1983ರ ಕೊನೆಯಲ್ಲಿ ಬಂದ ಮಾರುತಿಯೊಡನೆ ಆಲ್ಟರ್ನೇಟರು ಮನೆಮಾತಾಯಿತು. ನಿಧಾನವೇಗದಲ್ಲಿಯೂ ಅದು ಸಾಕಷ್ಟು ವಿದ್ಯುತ್ತನ್ನು ಕೊಡುತ್ತಿತ್ತು. ಅದರ ಟ್ರಾನ್ಸಿಸ್ಟರ್ ರೆಗ್ಯುಲೇಟರಿನಲ್ಲಿ ಉಜ್ಜಲು ಪಾಯಿಂಟುಗಳೇ ಇರಲಿಲ್ಲ. ಅರದ ಕಸುಬು ಹೀಗೆ ಅಳಿಯಿತು, ಅರ್ತಿನ ಕಸುಬು ಉಳಿಯಿತು. ಈಚೆಗೆ ಹಳೆಯ ಅಂಬಾಸಡರಿಗೂ ಫಿಯಟ್ಟಿಗೂ ಎಲ್‌ಇಡಿ ಬಲ್ಬು ಹಾಕಿಸುವ ಹವ್ಯಾಸಿಗಳು, ಇಂಡಿಕೇಟರು ಮಿಣುಕುವುದನ್ನೇ ಮರೆತು ಸ್ಥಿರವಾಗಿ ಉರಿಯುತ್ತದೆಂದೋ, ಉರಿಯುವುದೇ ಇಲ್ಲವೆಂದೋ ದೂರುತ್ತ ಬರುವುದುಂಟು: ಹಳೆಯ ಫ್ಲಾಷರು ಬಲ್ಬೆಳೆಯುವ ವಿದ್ಯುತ್ತಿನ ಶಾಖದಿಂದಲೇ ಮಿಡಿಯುವ ಯಂತ್ರವಾದುದರಿಂದ, ಎಲ್‌ಇಡಿಯ ಅಲ್ಪಾಹಾರಕ್ಕೆ ಅದು ಬಿಸಿಯಾಗದು. ಮಿಣುಕನ್ನು ನಿಲ್ಲಿಸುವುದಕ್ಕೆ ಹೆಸರಾದ ಮೇಸ್ತ್ರಿಯು ಆಗ ಎಲೆಕ್ಟ್ರಾನಿಕ್ ಫ್ಲಾಷರೊಂದನ್ನು ಕೂಡಿಸಿ ಮಿಣುಕನ್ನು ಮರಳಿ ತರಬೇಕಾಗುತ್ತದೆ.