ಬಸವಣ್ಣನಾದ ಬಾಳಪ್ಪ

ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟನಿಗೆ ಮೊದಲು ಬೇಕಿದ್ದುದು ಕಂಠ. ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕು, ಹಾಡು ಶ್ರುತಿ ತಪ್ಪಬಾರದು. 1914ರಲ್ಲಿ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರು ಈ ಪರೀಕ್ಷೆಯಲ್ಲಿ ಗೆದ್ದವರು.

ಹೆಣ್ಣುಮಕ್ಕಳು ರಂಗವೇರಲು ಹಿಂಜರಿಯುತ್ತಿದ್ದ ದಿನಗಳಲ್ಲಿ ಅವರು ಸೀರೆಯುಟ್ಟು ಸ್ತ್ರೀಪಾತ್ರ ಮಾಡಿದರು. ಮುಂದೆ ‘ಕಲಾವೈಭವ ನಾಟ್ಯ ಸಂಘ’ ಕಟ್ಟಿ ಮಾಲೀಕರಾದರು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರ ಬಸವಣ್ಣನನ್ನು ಕಂಡ ಜನ ನಟನನ್ನು ಮರೆತು ಕೈಮುಗಿದರು.

ಆದರೆ ಮಾಲೀಕನಿಗೆ ಚಪ್ಪಾಳೆಯಷ್ಟೇ ಸಾಲದು. ಕಲಾವಿದರ ಊಟ, ಊರಿಂದೂರಿಗೆ ಸಾಗಣೆ, ಎಲ್ಲಕ್ಕೂ ಟಿಕೆಟ್ಟಿನ ಹಣವೇ ಆಧಾರ. ಸಿನಿಮಾ ಹಬ್ಬಿದಂತೆ ಕಂಪನಿಗಳು ಸೊರಗಿದವು. ನೂರು ದಾಟಿದ ಬಾಳಪ್ಪನವರು 2017ರಲ್ಲಿ ತೀರಿಕೊಂಡರು. ನಟನೆ ಮತ್ತು ಗಾಯನ ಬೇರೆಯಾಗಿರದ ರಂಗಪರಂಪರೆಯ ದೊಡ್ಡ ಕೊಂಡಿಯೊಂದು ಅಂದು ಕಳಚಿತು.