ಬನಶಂಕರಿಯ ರೊಟ್ಟಿ ಬುಟ್ಟಿಯಿಂದ ಅಮೀನಗಡದ ಕರದಂಟಿನವರೆಗೆ

ಬಾಗಲಕೋಟೆ ಸೀಮೆಯಲ್ಲಿ ಮನೆಯ ಹೊರಗೆ ಉಂಡರೂ ಅದು ಮನೆಯೂಟವೇ. ಒಲೆ ಮುಂದೆ ಕೂತು ರೊಟ್ಟಿ ಬಡಿದ ಕೈಯೇ ಅದನ್ನು ಗುಡಿಯ ಅಂಗಳಕ್ಕೆ, ಬಸ್ ನಿಲ್ದಾಣದ ಪಕ್ಕದ ಖಾನಾವಳಿಗೆ ತಲುಪಿಸುತ್ತದೆ. ಬಾದಾಮಿ ಸಮೀಪದ ಬನಶಂಕರಿಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಬನಶಂಕರಿಯ ಅಂಗಳ

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಹತ್ತಿರ ಬನಶಂಕರಿ ದೇವಿಯ ಗುಡಿಯಿದೆ. ಎದುರಿಗೆ ಹರಿದ್ರಾತೀರ್ಥ ಹೊಂಡ. ದೇವಿಗೆ ಶಾಕಾಂಬರಿ ಎಂಬ ಹೆಸರೂ ಉಂಟು. ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ಪಲ್ಲೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಲೆಯ ಅಡುಗೆಯನ್ನು ಆಕೆಗೆ ಎಡೆ ಹಿಡಿಯುತ್ತಾರೆ. ಪುಷ್ಯ ಮಾಸದ ಈ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳೂ ಇಲ್ಲಿ ಬೀಡುಬಿಡುತ್ತವೆ.

ಜಾತ್ರೆ ಇರಲಿ, ಇಲ್ಲದಿರಲಿ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಇಲ್ಲಿಗೆ ಬರುತ್ತಾರೆ. ದರ್ಶನ ಮುಗಿಸಿ ಬಂದವರು ನೆರಳಲ್ಲಿ ಕೂತರೆ ಸಾಕು, 'ಊಟಾ ಮಾಡ್ರಿ ಅಣ್ಣಾರ, ರೊಟ್ಟಿ ಅದಾವ' ಎಂದು ಬುಟ್ಟಿ ಇಳಿಸುತ್ತಾರೆ.

ಬುಟ್ಟಿಯೊಳಗೆ ಏನಿರುತ್ತದೆ

ಬಿಳಿಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಜುನಕ, ಶೇಂಗಾ ಚಟ್ನಿ, ಕೆಂಪು ಖಾರ. ನಂಜಿಕೊಳ್ಳಲು ಹಸಿ ಉಳ್ಳಾಗಡ್ಡಿ. ಮಣ್ಣಿನ ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಜುನಕವೆಂದರೆ ಒಗ್ಗರಣೆಯ ನೀರು ಕುದಿಯುವಾಗ ಕಡಲೆಹಿಟ್ಟು ಹಾಕಿ ಗಂಟಾಗದಂತೆ ತಿರುವಿ ಬೇಯಿಸಿದ್ದು. ರೊಟ್ಟಿಯನ್ನೇ ತಾಟಿನಂತೆ ಕೈಯಲ್ಲಿ ಹಿಡಿದು, ಅದರ ಮೇಲೆ ಪಲ್ಯ ಹಾಕಿಸಿಕೊಂಡು ಉಣ್ಣುವವರೂ ಇದ್ದಾರೆ.

ರೊಟ್ಟಿ ಬಡಿಯುವುದೇಕೆ

ಗೋಧಿಯಲ್ಲಿರುವ ಅಂಟುಗುಣದ ಗ್ಲುಟೆನ್ ಜೋಳದಲ್ಲಿ ಇಲ್ಲ. ತಣ್ಣೀರಲ್ಲಿ ಕಲಸಿದ ಹಿಟ್ಟು ಬಿರಿಯುತ್ತದೆ. ಅದಕ್ಕೇ ಕುದಿಯುವ ನೀರು ಹಾಕುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅರಳಿ ಅಂಟು ಬರುತ್ತದೆ. ಚೆನ್ನಾಗಿ ನಾದಿ, ಅಂಗೈಯಿಂದ ತಿರುಗಿಸುತ್ತಾ ಬಡಿದು, ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರುತ್ತಾರೆ. ಬಿಸಿ ರೊಟ್ಟಿಯನ್ನು ಅಂದೇ ಉಣ್ಣಬೇಕು. ತೇವ ಪೂರ್ತಿ ಆರುವ ತನಕ ಕಾಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹಿಂದೆ ದೂರದ ಪಯಣದ ಬುತ್ತಿಗೆ, ಇಂದು ಪೇಟೆಯ ಮಾರಾಟಕ್ಕೆ ಅದು ಒದಗಿದ್ದು ಇದರಿಂದಲೇ.

ಖಾನಾವಳಿ

ಬಾಗಲಕೋಟೆಯ ಹಳೆ ಊರು, ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರ, ಹುನಗುಂದ, ಇಳಕಲ್ಲ, ಎಲ್ಲಿ ಹೋದರೂ ಖಾನಾವಳಿ ಸಿಗುತ್ತದೆ. ತಾಟಿನಲ್ಲಿ ರೊಟ್ಟಿ ಇಲ್ಲವೇ ಚಪಾತಿ, ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ, ಚಟ್ನಿ, ಕಡೆಗೆ ಅನ್ನ ಸಾರು, ಮಜ್ಜಿಗೆ. ಸಂತೆಗೆ ಬಂದ ರೈತರು, ಕೋರ್ಟು ಕಚೇರಿಗೆ ಬಂದವರು, ಕೋಣೆ ಹಿಡಿದು ಓದುವ ಹುಡುಗರು ಇಲ್ಲಿನ ಗಿರಾಕಿಗಳು.

ನಾಷ್ಟಾ, ಚಹಾ, ಕಬ್ಬಿನ ಹಾಲು

ಮುಂಜಾನೆಗೆ ನೆನೆಸಿದ ಚುರುಮುರಿಗೆ ಒಗ್ಗರಣೆ ಕೊಟ್ಟ ಸೂಸಲ. ಸಂಜೆಗೆ ಗಿರ್ಮಿಟ್: ಉಳ್ಳಾಗಡ್ಡಿ, ಹುಣಸೆಹುಳಿಯ ಗೊಜ್ಜಿನಲ್ಲಿ ಚುರುಮುರಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಸೇವು ಹಾಕಿ ಕೊಡುತ್ತಾರೆ. ಜೊತೆಗೆ ಮಿರ್ಚಿ ಭಜಿ, ಅದರ ಬೆನ್ನಿಗೆ ಚಹಾ. ಕಬ್ಬು ಬೆಳೆಯುವ ಜಿಲ್ಲೆಯಾದ್ದರಿಂದ ಬೇಸಿಗೆಯಲ್ಲಿ ಗಾಣದ ಕಬ್ಬಿನ ಹಾಲಿಗೆ ಕೊರತೆಯಿಲ್ಲ.

ಅಮೀನಗಡದ ಕರದಂಟು

ಹುನಗುಂದ ತಾಲ್ಲೂಕಿನ ಅಮೀನಗಡದ ಹೆಸರು ನಾಡಿಗೆಲ್ಲ ಗೊತ್ತಾಗಿರುವುದು ಕರದಂಟಿನಿಂದ. ತುಪ್ಪದಲ್ಲಿ ಅಂಟು ಕರಿದು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತುತ್ತಿಯೊಂದಿಗೆ ಬೆಲ್ಲದ ಪಾಕಕ್ಕೆ ಹಾಕಿ ಮಾಡುವ ಈ ಸಿಹಿಯನ್ನು ಬಾಣಂತಿಯರಿಗೂ ಕೊಡುವ ರೂಢಿಯಿದೆ. ಈ ದಾರಿಯಲ್ಲಿ ಹೋದವರು ಮನೆಗೊಂದು ಪೊಟ್ಟಣ ಒಯ್ಯದೆ ಇರುವುದು ಅಪರೂಪ.

ಹೋಗುವವರಿಗೆ

ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಜೋಳ, ಸಜ್ಜೆಗಳಿಗೆ ದೊಡ್ಡ ಹೋಟೆಲುಗಳಲ್ಲೂ ಮಾನ ಬಂತು. ಆದರೆ ಆ ಧಾನ್ಯಗಳ ರುಚಿಯನ್ನು ಉಳಿಸಿಕೊಂಡು ಬಂದವರು ಬುಟ್ಟಿ ಹೊತ್ತು ನಡೆಯುವ ಈ ತಾಯಂದಿರು. ಅವರು ಕೂತು ಬಡಿಸಲು ನೆರಳು, ಕುಡಿಯಲು, ಕೈತೊಳೆಯಲು ನೀರು ಒದಗಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಾದಾಮಿಯ ಗುಹೆಗಳನ್ನು ನೋಡಲು ಹೋದವರು ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋಗಿ. ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ.